ಎಡಕ್ಕೆ ಕೆಂಪು, ಬಲಕ್ಕೆ ಹಸಿರು

ಇಳಕಲ್ಲಿನ ನಮ್ಮ ಮನೆಯ ಪಡಸಾಲೆಯಲ್ಲಿ ಹದಿನೇಳು ಯುದ್ಧನೌಕೆಗಳಿದ್ದವು. ಹಿತ್ತಲಿನ ಹೌದಿನಲ್ಲಿ ಮಾತ್ರ ನೀರಿರುತ್ತಿರಲಿಲ್ಲ. ಬೇಸಿಗೆ ಬಂತೆಂದರೆ ಅವ್ವ ಎರಡು ಓಣಿ ದಾಟಿ ಬಾವಿಗೆ ಹೋಗಿ ಕೊಡ ಹೊತ್ತು ತರುತ್ತಿದ್ದಳು. ಒದ್ದೆ ಸೆರಗಿನಲ್ಲಿ, ಸೊಂಟ ಓರೆ ಮಾಡಿಕೊಂಡು, ಗಾಜಿನ ಕಪಾಟಿನಲ್ಲಿ ಸಾಲಾಗಿ ನಿಂತ ಜಪಾನು, ಜರ್ಮನಿ, ಇಂಗ್ಲೆಂಡುಗಳ ನೌಕಾಬಲಕ್ಕೆ ಮೈ ತಾಗಿಸದಂತೆ ಹಾಯ್ದು ಅಡುಗೆಮನೆ ಸೇರಬೇಕು. ಗಾದಿಯ ಮೇಲೆ ಲೋಡಿಗೆ ಒರಗಿದ ಅಪ್ಪ ಕೂತಲ್ಲಿಂದಲೇ ಹೇಳುತ್ತಿದ್ದ:

"ಹುಷಾರ್. ಕಪಾಟಿಗೆ ನೀರ ಸಿಡದೀತು."

ಹಡಗಿಗೆ ನೀರು ತಾಗಬಾರದೆಂದು ಕಾಳಜಿ ಮಾಡಿದ ಗಂಡಸು ಈ ಭೂಮಿಯ ಮೇಲೆ ನಮ್ಮಪ್ಪ ಒಬ್ಬನೇ ಇರಬೇಕು. ಮನೆಗೆ ಬಂದವರೆಲ್ಲ ಆ ಕಪಾಟಿನ ಮುಂದೆ ನಿಂತು "ಅಬಾಬಾಬಾ" ಎನ್ನುತ್ತಿದ್ದರು. ಅವರಲ್ಲಿ ಒಬ್ಬರೂ ಹಡಗು ಹತ್ತಿದವರಲ್ಲ. ತೋರಿಸುತ್ತಿದ್ದವನಾದರೂ ಏನು, ಮುಂಬಯಿಯ ದಂಡೆಯ ಮೇಲೆ ಶೇಂಗಾ ತಿಂದು, ಸಿಪ್ಪೆ ಉದುರಿಸಿ ಬಂದವನು, ಅಷ್ಟೇ. ಆದರೆ ಮಾತು ಕೇಳಬೇಕು! ಯಾವ ಹಡಗಿಗೆ ಎಷ್ಟು ತೋಪು, ಯಾವುದು ಎಷ್ಟು ಜನರನ್ನು ಹೊರುತ್ತದೆ, ಯಾವುದು ಯಾವ ಕಡಲಲ್ಲಿ ಮುಳುಗಿತು, ಎಲ್ಲ ಬಾಯಿಪಾಠ. ಮುಳುಗಿದ ಹಡಗಿನ ಹೆಸರು ಹೇಳುವಾಗ ಎದೆಯ ಮೇಲಿನ ಲಿಂಗಕ್ಕೆ ಕೈ ಮುಟ್ಟಿಸಿಕೊಳ್ಳುತ್ತಿದ್ದ, ಸತ್ತವರು ನಮ್ಮ ಬೀಗರೋ ಎಂಬಂತೆ. ಕೇಳುವವರು ತಲೆದೂಗುತ್ತಿದ್ದರು. ಊರ ದೊಡ್ಡವರು ಎನ್ನಿಸಿಕೊಂಡವರ ಬುದ್ಧಿ ಎಷ್ಟು ತೆಳ್ಳಗೆ ಇರುತ್ತದೆ ಎನ್ನುವುದನ್ನು ನಾನು ಕಲಿತದ್ದು ಆ ಕಪಾಟಿನ ಪಕ್ಕದಲ್ಲಿ ನಿಂತೇ.

ಅಪ್ಪ ಸೀರೆಯ ವ್ಯಾಪಾರಿ. ಊರಿನ ಕುಣಿಮಗ್ಗಗಳಿಗೆ ನೂಲು ಕೊಡುವುದು, ನೇಕಾರರು ನೇಯ್ದು ತಂದ ಸೀರೆಗಳನ್ನು ಸಂತೆಯ ದಿನ ಗಾದಿಯ ಮೇಲೆ ಕೂತು ತೆಗೆದುಕೊಳ್ಳುವುದು, ವರ್ಷಕ್ಕೆರಡು ಸಲ ಗಂಟು ಕಟ್ಟಿಕೊಂಡು ಮುಂಬಯಿಗೆ ಹೋಗಿ ಮಾರಿ ಬರುವುದು, ಇದು ಅವನ ಉದ್ಯೋಗ. ಬೇರೆ ವ್ಯಾಪಾರಿಗಳು ಮುಂಬಯಿಯಿಂದ ಹೆಂಡತಿಗೆ ಸ್ಟೀಲಿನ ಡಬ್ಬಿ ತರುತ್ತಿದ್ದರು, ಮಕ್ಕಳಿಗೆ ಬಿಸ್ಕಿಟು ತರುತ್ತಿದ್ದರು. ನಮ್ಮಪ್ಪ ಮೊದಲ ಹಡಗು ತಂದದ್ದು ಬಾಂಗ್ಲಾ ಯುದ್ಧ ಮುಗಿದು ಒಂದೆರಡು ವರ್ಷವಾದ ಮೇಲೆ. ರಟ್ಟಿನ ಪೆಟ್ಟಿಗೆಯ ಮೇಲೆ ಬೆಂಕಿ, ಹೊಗೆ, ಮಾಳಿಗೆಯೆತ್ತರದ ತೆರೆಗಳ ಚಿತ್ರ. ಪೆಟ್ಟಿಗೆ ಬಿಚ್ಚಿದರೆ ಬೂದು ಬಣ್ಣದ ಪ್ಲಾಸ್ಟಿಕ್ ಚೂರುಗಳು, ನಂಬರು ಹಾಕಿದ ಕಡ್ಡಿಗಳಿಗೆ ಅಂಟಿಕೊಂಡು ಕೂತಿದ್ದವು. ಒಂದೊಂದನ್ನೂ ಬ್ಲೇಡಿನಿಂದ ಬಿಡಿಸಿ, ಪಾಲಿಶ್ ಕಾಗದದಿಂದ ಉಜ್ಜಿ, ಚಿತ್ರ ನೋಡಿ ಅಂಟಿಸಬೇಕು. ಮುಗಿದ ಮೇಲೆ ಒಂದು ಗೇಣುದ್ದದ ಹಡಗು. ಇದಕ್ಕೆ ಅಪ್ಪ ಒಂದು ತಿಂಗಳು ತೆಗೆದುಕೊಂಡ. ಅಷ್ಟು ದಿನದಲ್ಲಿ ನೇಕಾರ ಈರಪ್ಪಜ್ಜನ ಮಗ್ಗದ ಮೇಲೆ ಎಷ್ಟೋ ಸೀರೆ ಆಗಿ ಹೋಗಿದ್ದವು.

ಕಪಾಟು ಬಂದ ದಿನ ನಮ್ಮ ಮನೆಯಲ್ಲಿ ನಡೆದ ಯುದ್ಧದ ಚಿತ್ರವನ್ನು ಯಾವ ಪೆಟ್ಟಿಗೆಯ ಮೇಲೂ ಯಾರೂ ಬರೆದಿಲ್ಲ. ಪಡಸಾಲೆಯ ಆ ಗೋಡೆಯಲ್ಲಿ ಅವ್ವನ ತವರಿನ ಹಿತ್ತಾಳೆ ಪಾತ್ರೆಗಳ ಹಲಗೆಯಿತ್ತು. ವಾರಕ್ಕೊಮ್ಮೆ ಹುಣಸೆಹಣ್ಣು ಹಾಕಿ ತಿಕ್ಕಿ, ಬಿಸಿಲಿಗೆ ಒಣಗಿಸಿ, ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ಇಡುವುದು ಅವಳ ಏಕೈಕ ಅಹಂಕಾರ. ಅಪ್ಪ ಬಡಿಗೇರನನ್ನು ಕರೆಸಿ ಹಲಗೆ ಕೀಳಿಸಿದ. ಪಾತ್ರೆಗಳು ಗೋಣಿಚೀಲ ಸೇರಿ ಅಟ್ಟಕ್ಕೆ ಹೋದವು.

"ನಮ್ಮವ್ವ ಕೊಟ್ಟ ಬಾಂಡೆ ಅಟ್ಟಕ್ಕ, ನಿಮ್ಮ ಪ್ಲಾಸ್ಟಿಕ್ ಕಪಾಟಕ್ಕೇನ್ರಿ? ನಾಳಿ ಅದರಾಗ ನೀರ ಕಾಸಿ ಜಳಕಾ ಮಾಡ್ರಿ."

"ಬಾಂಡೆ ಎಲ್ಲಾರ ಮನ್ಯಾಗೂ ಇರ್ತಾವ. ಜಂಗೀ ಹಡಗ ಯಾರ ಮನ್ಯಾಗ ಐತಿ, ತೋರ್ಸು."

ಹುನಗುಂದದಿಂದ ಬಾಗಲಕೋಟೆಯವರೆಗೆ ಹುಡುಕಿದರೂ ಅಂಥ ಮನೆ ಇನ್ನೊಂದು ಸಿಗುತ್ತಿರಲಿಲ್ಲ. ಮೂರು ದಿನ ಅವಳು ಓಣಿಗೆಲ್ಲ ಕೇಳುವಂತೆ ರೊಟ್ಟಿ ಬಡಿದಳು. ನಾಲ್ಕನೆಯ ದಿನ ಅಪ್ಪನಿಗೆ ಹಡಗಿನ ಕಂಬಗಳ ನಡುವೆ ಎಳೆಯುವ ದಾರ ಬೇಕಾಯಿತು. ಪೆಟ್ಟಿಗೆಯಲ್ಲಿ ಬಂದಿದ್ದ ದಾರ ಅವನ ದಪ್ಪ ಬೆರಳುಗಳ ನಡುವೆ ಗಂಟಾಗಿ ಹಾಳಾಗಿತ್ತು. ಅವ್ವ ನೇಕಾರರ ಮನೆಯ ಮಗಳು, ಸೀರೆಯ ಒಡಲಿಗೂ ಸೆರಗಿಗೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಿದ ಕೈ ಅವಳದು. ರೇಷ್ಮೆಯ ಒಂದೇ ಎಳೆ ಬಿಡಿಸಿಕೊಂಡು, ಮುಳ್ಳು ತೆಗೆಯುವ ಚಿಮಟ ಹಿಡಿದು ಕೂತು, ಕೂದಲಿಗಿಂತ ಸಣ್ಣ ಹಗ್ಗಗಳನ್ನು ಒಂದು ಮಧ್ಯಾಹ್ನದಲ್ಲಿ ಎಳೆದು ಕಟ್ಟಿ ಎದ್ದಳು. ಸಂಜೆ ಬಂದವರಿಗೆ ಅಪ್ಪ ಹೇಳಿದ:

"ಈ ಹಗ್ಗದ ಕೆಲಸ ಭಾಳ ನಾಜೂಕ ನೋಡ್ರಿ. ಉಸಿರ ಹಿಡದು ಕಟ್ಟಬೇಕಾಗ್ತೈತಿ."

ಉಸಿರು ಹಿಡಿದವಳು ಒಳಗೆ ಚಹಾ ಸೋಸುತ್ತಿದ್ದಳು. ಅಂದಿನಿಂದ ಎಲ್ಲ ಹಡಗುಗಳ ಹಗ್ಗ ಅವ್ವನದು, ಬಣ್ಣ ನನ್ನದು, ಹೆಸರು ಅಪ್ಪನದು. ಅಪ್ಪ ಮಾಡುತ್ತಿದ್ದದ್ದು ಅಂಟಿಸುವ ಕೆಲಸ. ಅದರಲ್ಲೂ ಪ್ರತಿ ಹಡಗಿನ ಮೇಲೆ ಎಲ್ಲಾದರೊಂದು ಕಡೆ ಅವನ ಹೆಬ್ಬೆಟ್ಟಿನ ಗುರುತು ಒತ್ತಿರುತ್ತಿತ್ತು. ಅಂಟಿನ ವಾಸನೆ ಮನೆ ತುಂಬಿ ರೊಟ್ಟಿಗೂ ಹತ್ತುತ್ತಿತ್ತು, ಹಬ್ಬದ ಸಿಹಿ ಮಾದಲಿಗೂ ಹತ್ತುತ್ತಿತ್ತು. ಊಟಕ್ಕೆ ಕರೆದರೆ "ಒಣಗ್ಲಿ, ಬಂದೆ" ಎಂಬ ಉತ್ತರ. ಅವನು ಉಣ್ಣದೆ ನಾವು ಉಣ್ಣುವಂತಿರಲಿಲ್ಲ. ಜರ್ಮನಿಯ ಹಡಗಿನ ಹೊಗೆಕೊಳವೆ ಒಣಗುವವರೆಗೆ ನಾವಿಬ್ಬರೂ ಆರಿದ ಪಲ್ಯದ ಮುಂದೆ ಕೂತಿರುತ್ತಿದ್ದೆವು.

ಒಂದು ಸಲ ಬೂದು ಬಣ್ಣದ ಪುಟ್ಟ ಡಬ್ಬಿ ತೀರಿತು. ಅಂಥ ಬಣ್ಣ ಮುಂಬಯಿಯಲ್ಲದೆ ಬೇರೆಲ್ಲೂ ಸಿಗದು, ಮುಂದಿನ ಮುಂಬಯಿ ಪ್ರಯಾಣಕ್ಕೆ ಇನ್ನೂ ನಾಲ್ಕು ತಿಂಗಳು. ಅಪ್ಪ ಎದ್ದು ಹೋಗಿ ದೇವರ ಜಗಲಿಯಿಂದ ವಿಭೂತಿ ಗಟ್ಟಿ ತಂದ, ಕುಟ್ಟಿ, ಬಾಗಿಲಿಗೆ ಬಳಿದು ಉಳಿದಿದ್ದ ಎಣ್ಣೆಬಣ್ಣಕ್ಕೆ ಕಲಸಿದ. ಬಣ್ಣ ಚೆನ್ನಾಗಿಯೇ ಬಂತು, ಅದನ್ನು ಒಪ್ಪಬೇಕು. ಅವ್ವ ನೋಡಿ ಹಣೆ ಬಡಿದುಕೊಂಡಳು.

"ಲಿಂಗಕ್ಕ ಹಚ್ಚೂ ಈಬತ್ತಿ ಹಡಗಕ್ಕ ಬಳದ್ರೇನ್ರಿ? ಇನ್ನ ಪೂಜಿ ಒಂದು ಉಳದೈತಿ, ಅದನ್ನೂ ಮಾಡಿಬಿಡ್ರಿ."

ಅವಳು ಹಂಗಿಸಿದ್ದು. ಅಪ್ಪ ಅದನ್ನು ಸಲಹೆ ಎಂದು ತೆಗೆದುಕೊಂಡ. ಆ ವರ್ಷದ ಮಹಾನವಮಿಗೆ ಆಯುಧಗಳ ಖಂಡೆಪೂಜೆಯಲ್ಲಿ ತಕ್ಕಡಿ, ಕತ್ತರಿ, ಗಜಕೋಲಿನ ಜೊತೆಗೆ ಹಡಗುಗಳೂ ಮಣೆಯ ಮೇಲೆ ಬಂದು ಕೂತವು. ಅವಕ್ಕೆ ಕುಂಕುಮ, ಚೆಂಡುಹೂ, ಬಾಳೆಕಂಬ. ಅಪ್ಪ ಭಕ್ತಿಯಿಂದ ಕರ್ಪೂರ ಬೆಳಗುತ್ತ ಬೆಳಗುತ್ತ ಆರತಿ ತಟ್ಟೆಯನ್ನು ಆಗ ಇದ್ದವುಗಳಲ್ಲೇ ದೊಡ್ಡ ಹಡಗಿನ ಮೂತಿಗೇ ಹಿಡಿದ. ಮುಂದಿನ ಮೂರು ತೋಪುಗಳು ಮೆತ್ತಗಾಗಿ, ನೋಡನೋಡುತ್ತಲೇ ಕೆಳಮುಖವಾಗಿ ಜೋತುಬಿದ್ದವು. ನಾನು ನಕ್ಕೆ, ಏಟು ತಿಂದೆ. ಮುಂದೆ ಬಂದವರಿಗೆಲ್ಲ ಅಪ್ಪ ಆ ಹಡಗು ತೋರಿಸಿ, ಲಡಾಯಿಯಲ್ಲಿ ಪೆಟ್ಟು ತಿಂದ ಹಡಗುಗಳ ತೋಪು ಹೀಗೇ ಬಾಗುತ್ತವೆ, ಅದಕ್ಕೇ ಬೇಕೆಂದೇ ಹೀಗೆ ಮಾಡಿದ್ದೇನೆ ಎಂದು ವಿವರಿಸುತ್ತಿದ್ದ. ಅವರು ಅದಕ್ಕೂ "ಅಬಾಬಾಬಾ" ಎನ್ನುತ್ತಿದ್ದರು.

ಈ ಹಡಗಿನ ಹುಚ್ಚು ಎಲ್ಲಿಂದ ಬಂತು ಎನ್ನುವುದಕ್ಕೆ ನಮ್ಮ ಮನೆಯಲ್ಲಿ ಎರಡು ಕತೆಗಳಿದ್ದವು. ಪಡಸಾಲೆಯಲ್ಲಿ ಹೇಳುವ ಕತೆ ಅಪ್ಪನದು: ಹರೆಯದಲ್ಲಿ ಅವನು ನೇವಿಗೆ ಆರಿಸಿ ಬಂದಿದ್ದ, ಹೊರಡುವ ದಿನ ನಮ್ಮಜ್ಜಿ ಹೊಸ್ತಿಲಿಗೆ ಅಡ್ಡ ಮಲಗಿ "ನನ್ನ ದಾಟಿ ಹೋಗು" ಎಂದಳು, ತಾಯಿಯನ್ನು ದಾಟಲಾರದೆ ಅವನು ಸಮುದ್ರವನ್ನೇ ಬಿಟ್ಟ. ಅಡುಗೆಮನೆಯಲ್ಲಿ ಹೇಳುವ ಕತೆ ಅವ್ವನದು. ನನಗೆ ಐದು ವರ್ಷವಾದಾಗ, ಒಲೆಯ ಮುಂದೆ ರೊಟ್ಟಿ ಬಡಿಯುತ್ತ ಅವಳು ಅದನ್ನು ನನ್ನ ಕಿವಿಗೆ ಹಾಕಿದಳು. ಬೆಳಗಾವಿಯಲ್ಲಿ ಡಾಕ್ಟರು ಬಣ್ಣಬಣ್ಣದ ಚುಕ್ಕಿಗಳ ಪುಸ್ತಕ ತೋರಿಸಿ, ಇದರಲ್ಲಿ ಯಾವ ಅಂಕಿ ಕಾಣುತ್ತದೆ ಎಂದು ಕೇಳಿದರಂತೆ. ಉಳಿದ ಹುಡುಗರೆಲ್ಲ ಪಟಪಟ ಹೇಳಿದರು. ಅಪ್ಪನಿಗೆ ಚುಕ್ಕಿ ಬಿಟ್ಟು ಬೇರೇನೂ ಕಾಣಲಿಲ್ಲ.

"ನಿಮ್ಮಪ್ಪಗ ಕೆಂಪೂ ಹಸರೂ ಒಂದ. ಎರಡೂ ಬೆಲ್ಲದ ಬಣ್ಣ ಕಾಣಸ್ತಾವಂತ. ಯಾರಿಗೂ ಹೇಳಬ್ಯಾಡ. ಹೇಳಿದಿ ಅಂದ್ರ ನಾಳಿಂದ ಒಬ್ಬಾಂವನೂ ನಮ್ಮ ಗಾದಿ ಮುಂದ ಸೀರಿ ಬಿಚ್ಚೂದಿಲ್ಲ."

ಇಳಕಲ್ಲಿನಲ್ಲಿ ಸೀರೆಯ ವ್ಯಾಪಾರಿಗೆ ಕೆಂಪು ಹಸಿರು ತಿಳಿಯದಿದ್ದರೆ ಏನಾಗುತ್ತದೆ ಎನ್ನುವುದನ್ನು ಐದು ವರ್ಷದವಳಿಗೂ ಬಿಡಿಸಿ ಹೇಳಬೇಕಿರಲಿಲ್ಲ. ದಾಳಿಂಬೆ ಕೆಂಪು ಕೇಳಿದ ಊರಿಗೆ ಗಿಳಿಹಸಿರು ಹೋದರೆ ಗಂಟಿಗೆ ಗಂಟೇ ವಾಪಸು ಬರುತ್ತದೆ. ಒಮ್ಮೆ ಬಂದರೆ ತಪ್ಪು ಎನ್ನುತ್ತಾರೆ, ಎರಡನೆಯ ಸಲ ಇವನ ಹತ್ತಿರ ಯಾರೂ ಬರುವುದಿಲ್ಲ. ಹಾಗಾಗಿ ನಮ್ಮ ಇಡೀ ಮನೆ ಅಪ್ಪನ ಕಣ್ಣಿನ ಸುತ್ತ ಜೋಡಿಸಿಟ್ಟ ಮನೆ. ಊಟದ ತಟ್ಟೆಯಲ್ಲಿ ಕೆಂಪು ಖಾರ ಯಾವಾಗಲೂ ಬಲಕ್ಕೆ, ಹಸಿ ಮೆಣಸಿನಕಾಯಿ ಖಾರ ಎಡಕ್ಕೆ. ನೂಲಿನ ಗೂಟಗಳಲ್ಲಿ ಬಾಗಿಲ ಕಡೆಯದು ಕೆಂಪು, ಗೋಡೆ ಕಡೆಯದು ಹಸಿರು. ಹದಿನೇಳು ಹಡಗುಗಳೂ ಬೂದು ಬಣ್ಣದವಾಗಿದ್ದವು ಎನ್ನುವುದು ಮಾತ್ರ ನನಗೆ ಹೊಳೆದದ್ದು ಮೂವತ್ತು ವರ್ಷಗಳ ನಂತರ. ಊರೆಲ್ಲ ಬಣ್ಣದಲ್ಲಿ ಮುಳುಗಿರುವಾಗ, ಯಾರನ್ನೂ ಕೇಳದೆ ತನಗೆ ಕಾಣುವ ಬಣ್ಣದ ವಸ್ತುವೊಂದನ್ನು ಅವನು ಹುಡುಕಿಕೊಂಡಿದ್ದ. ಹೊಳೆದಾಗಲೂ ನನಗೆ ಕನಿಕರ ಬರಲಿಲ್ಲ, ನಗುವೇ ಬಂತು. ಅಷ್ಟು ವರ್ಷ ರೂಢಿಯಾದ ತಿರಸ್ಕಾರ ಒಂದು ಹೊಳಹಿಗೆ ಬಿಟ್ಟುಹೋಗುವುದಿಲ್ಲ.

ಐದನೆಯ ವರ್ಷದಿಂದ ನನಗೆ ಉದ್ಯೋಗ ಸಿಕ್ಕಿತು. ಸಂತೆಯ ದಿನ ಅಪ್ಪನ ಪಕ್ಕ ಗಾದಿಯ ಮೇಲೆ ಕೂರುವುದು, ನೇಕಾರರು ಸೀರೆಯ ಮಡಿಕೆ ಬಿಚ್ಚಿದ ತಕ್ಷಣ ಮಕ್ಕಳಾಟದಂತೆ ಬಣ್ಣ ಕೂಗುವುದು. "ಅಪ್ಪಾ, ದಾಳಿಂಬಿ!" "ಅಪ್ಪಾ, ಗಿಳಿಹಸರು!" ಅಪ್ಪ ಗಂಭೀರವಾಗಿ ಸೀರೆಯ ಅಂಚು ಹಿಡಿದು ನೋಡಿ, "ಹೂಂ, ದಾಳಿಂಬಿ ಚೊಲೋ ಬಂದೈತಿ" ಎಂದು ಬಲಗಡೆಯ ರಾಶಿಗೆ ಹಾಕುತ್ತಿದ್ದ. ಹಸಿರಾದರೆ ಎಡಗಡೆಯ ರಾಶಿಗೆ. ಸಾಲಿನಲ್ಲಿ ಯಾವಾಗಲೂ ಮೊದಲು ಕೂರುತ್ತಿದ್ದ ಹಿರಿಯ ನೇಕಾರ ಈರಪ್ಪಜ್ಜ ನನ್ನ ಗಲ್ಲ ಹಿಂಡಿ, "ಸಾಹುಕಾರ್ರ ಕೂಸು ಭಾಳ ಶ್ಯಾಣೆ ಐತಿ" ಎನ್ನುತ್ತಿದ್ದ. ಐದು ವರ್ಷದ ಕೂಸು ಬಣ್ಣ ಕೂಗಿದರೆ ಚಂದ. ಎಂಟು ವರ್ಷಕ್ಕೂ ನಡೆಯುತ್ತದೆ. ಹನ್ನೆರಡು ವರ್ಷದ, ಎರಡು ಜಡೆ ಹಾಕಿದ ಹುಡುಗಿ ಶಾಲೆ ಬಿಟ್ಟು ಗಾದಿಯ ಮೇಲೆ ಕೂತು "ಗಿಳಿಹಸರು!" ಎಂದು ಕಿರುಚಿದರೆ ನೋಡುವವರಿಗೆ ಏನನ್ನಿಸಬೇಕು? ಶಾಲೆಗೆ ಹೋಗುವ ನನ್ನ ಗೆಳತಿಯರು ಬಾಗಿಲಲ್ಲಿ ನಿಂತು ನನ್ನ ದನಿ ತೆಗೆದು ಅಣಕಿಸಿ ಓಡುತ್ತಿದ್ದರು. ವಾರಕ್ಕೊಂದು ದಿನ ಶಾಲೆ ತಪ್ಪಿ, ಆ ದಿನದ ಲೆಕ್ಕ ನನಗೆ ಎಂದೂ ಹತ್ತಲಿಲ್ಲ. ನನಗೆ ಹತ್ತಿದ್ದು ಚಿತ್ರಕಲೆ ಒಂದೇ. ಅದೂ ಬೇರೆ ದಿನ ಇದ್ದುದರಿಂದ.

ಏಳನೆಯ ತರಗತಿಯಲ್ಲಿ ನಮ್ಮ ಡ್ರಾಯಿಂಗ್ ಮಾಸ್ತರರು ನಾಲ್ಕು ಮಕ್ಕಳನ್ನು ಬಾಗಲಕೋಟೆಗೆ ಡ್ರಾಯಿಂಗ್ ಪರೀಕ್ಷೆಗೆ ಕರೆದೊಯ್ಯಲು ಆರಿಸಿದರು. ನನ್ನ ಹೆಸರು ಮೊದಲನೆಯದು. ಅರ್ಧ ಒಡೆದ ದಾಳಿಂಬೆಯ ಚಿತ್ರ ಬರೆದಿದ್ದೆ. ಸಿಪ್ಪೆಯ ಕೆಂಪು ಬೇರೆ, ಕಾಳಿನ ಕೆಂಪು ಬೇರೆ, ನಡುವಿನ ಪರದೆಯ ಹಳದಿ ಬೇರೆ ಎಂದು ಅವರು ಅದನ್ನು ಎಲ್ಲ ತರಗತಿಗಳಿಗೂ ಒಯ್ದು ತೋರಿಸಿದ್ದರು. ಪರೀಕ್ಷೆಯ ಎರಡು ದಿನಗಳಲ್ಲಿ ಒಂದು ಸಂತೆಯ ದಿನವಾಗಿತ್ತು. ಮಾಸ್ತರರು ತಾವೇ ಮನೆಗೆ ಬಂದು ಕೇಳಿದರು. ಅಪ್ಪ ಅವರನ್ನು ಮೊದಲು ಕಪಾಟಿನ ಮುಂದೆ ನಿಲ್ಲಿಸಿ ಹದಿನಾರು ಹಡಗುಗಳ ಚರಿತ್ರೆ ಹೇಳಿದ. ಹದಿನೇಳನೆಯದು ಆಗ ಕಟ್ಟುವ ಹಂತದಲ್ಲಿತ್ತು. ಚಹಾ ಕುಡಿಸಿದ. ಆಮೇಲೆ ಹೇಳಿದ:

"ಮುಂದಿನ ವರ್ಷ ನೋಡೂನ್ರಿ ಮಾಸ್ತರ್ರ. ಹೆಣ್ಣಹುಡಿಗಿ ಬಣ್ಣಾ ಬಳದು ಏನ ಮಾಡೂದೈತಿ?"

ನನ್ನ ಬಣ್ಣದ ಮೇಲೆ ಉಣ್ಣುತ್ತಿದ್ದವನು ಆಡಿದ ಮಾತು ಇದು. ನಾನು ಕಂಬ ಹಿಡಿದು ನಿಂತಿದ್ದೆ. ಅಳಲಿಲ್ಲ. ಈ ಮನುಷ್ಯ ಸಣ್ಣವನು ಎಂದು ಆ ಗಳಿಗೆಯಲ್ಲಿ ತೀರ್ಮಾನ ಮಾಡಿದೆ, ಮತ್ತು ಹಾಗೆ ತೀರ್ಮಾನ ಮಾಡಿದ್ದರಿಂದ ಒಂದು ಥರದ ಹಿತವೂ ಆಯಿತು ಎನ್ನುವುದನ್ನು ಮುಚ್ಚಿಡಲಾರೆ.

ಆ ಹದಿನೇಳನೆಯದು ಎಲ್ಲಕ್ಕಿಂತ ದೊಡ್ಡದು, ಮೊಳಕ್ಕಿಂತ ಉದ್ದ. ದೀಪಾವಳಿಯ ಲಕ್ಷ್ಮೀಪೂಜೆಗೆ ಬರುವವರ ಮುಂದೆ ಅದನ್ನು ತೋರಿಸಬೇಕೆಂದು ಅಪ್ಪ ಹಗಲಿಡೀ ಅದರ ಮೇಲೆ ಬಿದ್ದಿದ್ದ. ಊರಿಗೆ ಹೊಸದಾಗಿ ಬಂದಿದ್ದ ಬ್ಯಾಂಕಿನ ಮ್ಯಾನೇಜರರನ್ನು ಕರೆದಿದ್ದ. ಬರೀ ಬೂದು ಹಡಗು ಸಾಲದು ಎನ್ನಿಸಿತೋ ಏನೋ, ಈ ಸಲ ಅದಕ್ಕೆ ದೀಪ ಹಾಕುವ ಯೋಜನೆ ಮಾಡಿದ. ಹಡಗಿನ ಎಡಪಕ್ಕಕ್ಕೆ ಕೆಂಪು ದೀಪ, ಬಲಪಕ್ಕಕ್ಕೆ ಹಸಿರು ದೀಪ ಇರುತ್ತದಂತೆ, ಇರಲೇಬೇಕಂತೆ, ಅದು ಇಡೀ ಜಗತ್ತಿನ ಕಾನೂನಂತೆ. ಬ್ಯಾಟರಿಯ ಎರಡು ಪುಟ್ಟ ಬಲ್ಬು ತಂದು, ಒಳಗೆ ಶೆಲ್ಲು ಇಟ್ಟು, ತಂತಿ ಎಳೆದ. ಮೇಲೆ ಅಂಟಿಸಲು ಮದುವೆ ಮಂಟಪದವರಿಂದ ಬಣ್ಣದ ಜಿಲೇಟಿನ್ ಕಾಗದ ತಂದ. ಒಂದು ಕೆಂಪು, ಒಂದು ಹಸಿರು. ಎರಡನ್ನೂ ನನ್ನ ಕೈಯಲ್ಲಿಟ್ಟ. "ಎಡಕ ಕೆಂಪು, ಬಲಕ ಹಸರು" ಎಂದು ವಾರದಿಂದ ಅದನ್ನೇ ಜಪಿಸುತ್ತಿದ್ದ. ನಾನು ಬಾಗಿ ಕೂತು, ಕತ್ತರಿಸಿ, ಎಡಕ್ಕೆ ಹಸಿರನ್ನೂ ಬಲಕ್ಕೆ ಕೆಂಪನ್ನೂ ಅಚ್ಚುಕಟ್ಟಾಗಿ ಅಂಟಿಸಿದೆ.

"ಸರಿ ಹಚ್ಚೀ ಏನು? ಎಡಕ ಕೆಂಪು?"

"ಎಡಕ ಕೆಂಪು."

"ಬಲಕ ಹಸರು?"

"ಹೂಂ."

ಅಪ್ಪ ಬಲ್ಬು ಹೊತ್ತಿಸಿ, ಹಿಂದೆ ಸರಿದು, ತಲೆ ಓರೆ ಮಾಡಿ ನೋಡಿ ಸಂತೋಷಪಟ್ಟ. ಅವ್ವ ಹೂರಣ ರುಬ್ಬುತ್ತಿದ್ದಳು. ಅವಳು ಪಡಸಾಲೆಗೆ ಬಂದಿದ್ದರೆ ಒಂದೇ ನೋಟಕ್ಕೆ ತಿಳಿಯುತ್ತಿತ್ತು. ಬರಲಿಲ್ಲ.

ಪೂಜೆ ಮುಗಿದು ದೀಪ ಹಚ್ಚುವ ಹೊತ್ತಿಗೆ ಪಡಸಾಲೆ ತುಂಬಿತ್ತು. 'ದೊಡ್ಡವರು' ಗಾದಿಯ ಮೇಲೆ: ಮ್ಯಾನೇಜರರು, ನಾಲ್ಕಾರು ಸೀರೆ ವ್ಯಾಪಾರಿಗಳು, ನಮ್ಮ ಡ್ರಾಯಿಂಗ್ ಮಾಸ್ತರರು. ಬಾಗಿಲ ಬಳಿ ಚಾಪೆಯ ಮೇಲೆ ಈರಪ್ಪಜ್ಜ ಮತ್ತು ಉಳಿದ ನೇಕಾರರು, ಅವರ ಜೊತೆಗೆ ಮ್ಯಾನೇಜರರ ಕೊಡೆ ಹಿಡಿದು ಬಂದಿದ್ದ ಬ್ಯಾಂಕಿನ ವಾಚ್‌ಮನ್ ಯಮನಪ್ಪ. ಅಮೀನಗಡದ ಕರದಂಟು ಗಾದಿಗೆ ತಟ್ಟೆಯಲ್ಲಿ ಹೋಯಿತು, ಚಾಪೆಗೆ ಕಾಗದದಲ್ಲಿ ಹೋಯಿತು. ಅಪ್ಪ ಪಡಸಾಲೆಯ ದೀಪ ಆರಿಸಿದ. ಹಡಗಿನ ಎರಡು ಪಕ್ಕಗಳಲ್ಲಿ ಎರಡು ಬಣ್ಣಗಳು ಮೂಡಿದವು. ಯಾರೋ "ಅಬಾಬಾಬಾ" ಎಂದರು.

"ಹಡಗಕ್ಕ ಇವು ಕಣ್ಣು ಇದ್ದಂಗ್ರಿ. ಇದು ನೋಡ್ರಿ, ಎಡಕಿಂದು, ಕೆಂಪು." ಅಪ್ಪ ಹಸಿರು ದೀಪಕ್ಕೆ ಬೆರಳು ತೋರಿದ. "ಇದು ಬಲಕಿಂದು, ಹಸರು. ಕತ್ತಲಿ ಸಮುದ್ರದಾಗ ಎದುರಿನ ಹಡಗದಾಂವ ಇದನ್ನ ನೋಡೇ ದಾರಿ ಬಿಡೂದು."

"ಓಹೋ, ತುಂಬಾ ಚೆನ್ನಾಗಿದೆ, ತುಂಬಾ ಚೆನ್ನಾಗಿದೆ" ಎಂದರು ಮ್ಯಾನೇಜರರು. ಅವರ ಕಣ್ಣು ಕರದಂಟಿನ ಮೇಲಿತ್ತು.

ಉಳಿದವರು ಹಾಗಲ್ಲ. ಬಣ್ಣದಲ್ಲಿ ಹುಟ್ಟಿ ಬಣ್ಣದಲ್ಲೇ ಸಾಯುವ ಜನ ಅದು. ಒಂದು ಎಳೆ ಬೇರೆಯಾದರೂ ಹಿಡಿಯುವ ಕಣ್ಣುಗಳು. ಆ ಕಣ್ಣುಗಳೆಲ್ಲ ಹಸಿರು ದೀಪವನ್ನೂ, ಅದರತ್ತ ಚಾಚಿದ ಅಪ್ಪನ ಬೆರಳನ್ನೂ ನೋಡುತ್ತಿದ್ದವು. ಬಾಗಿಲಿನಿಂದ ಯಮನಪ್ಪನ ದನಿ ಬಂತು.

"ಸಾಹುಕಾರ್ರ, ತಪ್ಪ ತಿಳೀಬ್ಯಾಡ್ರಿ. ಎಡಕ ಹಸರು ಹತ್ತೇತ್ರಿ. ಹಿಂಗ ಹೊಂಟ್ರ ಹಡಗ ಹಡಗ ಢಿಕ್ಕಿ ಆಗ್ತಾವ್ರಿ."

"ನಿನಗೇನ ಗೊತ್ತೋ?"

"ಹನ್ನೆರಡು ವರ್ಷ ನೇವ್ಯಾಗ ಇದ್ದೆನ್ರಿ."

ಬೇವೂರಿನ ಆ ಯಮನಪ್ಪ ಮೂರು ತಿಂಗಳಿಂದ ಬ್ಯಾಂಕಿನ ಬಾಗಿಲಲ್ಲಿ ಅಪ್ಪನಿಗೆ ನಮಸ್ಕಾರ ಹೊಡೆಯುತ್ತಿದ್ದ. ಊರಿನಲ್ಲಿ ಸಮುದ್ರದ ಮೇಲೆ ಹೋಗಿ ಬಂದ ಒಬ್ಬನೇ ಒಬ್ಬ ಮನುಷ್ಯ, ಅಪ್ಪ ಒಮ್ಮೆಯೂ ಅವನನ್ನು ಮಾತಾಡಿಸಿರಲಿಲ್ಲ. ಈಗ ಅಪ್ಪ ದೀಪಗಳತ್ತ ತಿರುಗಿದ. ಅವನ ಕಣ್ಣು ಎಡಕ್ಕೆ ಹೋಯಿತು, ಬಲಕ್ಕೆ ಬಂತು, ಮತ್ತೆ ಎಡಕ್ಕೆ, ಮಗ್ಗದ ಲಾಳಿಯ ಹಾಗೆ. ಎರಡೂ ಕಡೆ ಅವನಿಗೆ ಬೆಲ್ಲವೇ ಕಂಡಿರಬೇಕು. ಆಮೇಲೆ ನನ್ನನ್ನು ನೋಡಿದ. ಇದೇ ಗಳಿಗೆಗಾಗಿ ನಾನು ಬೆಳಗಿನಿಂದ ಕಾದಿದ್ದೆ. ಅವನ ಮುಖದಲ್ಲಿ ಸಿಟ್ಟು ಬರುತ್ತದೆ, ನಾನು ಗೆದ್ದೆ ಎಂದು ಕುಣಿಯುತ್ತೇನೆ ಎಂದುಕೊಂಡಿದ್ದೆ. ಸಿಟ್ಟು ಬರಲಿಲ್ಲ. ಹೆದರಿಕೆ ಬಂತು. ಅಪ್ಪ ಹೆದರಿದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಅವ್ವ ಹೂರಣದ ಕೈಯಲ್ಲೇ ನಿಂತಿದ್ದಳು. ನಾನು ಅಪ್ಪನ ಮಾನ ತೆಗೆಯಲು ಹೋಗಿ ಮನೆಯ ಅನ್ನಕ್ಕೇ ಕೈ ಹಾಕಿದ್ದೆ ಎನ್ನುವುದು ಅವಳ ಮುಖ ನೋಡಿದ ಮೇಲೆ ಗೊತ್ತಾಯಿತು. ಅಷ್ಟರಲ್ಲಿ ಅಪ್ಪ ನಗತೊಡಗಿದ.

"ಅಯ್ಯ, ಈ ಹುಡಿಗಿ ಹಚ್ಚೇತಿ ನೋಡ್ರಿ! ನಾ ಸಾಹೇಬ್ರ ಮಾರಿ ನೋಡಕೋತ ಹೇಳಾಕತ್ತಿದ್ದೆ, ದೀಪ ನೋಡೇ ಇಲ್ಲ. ಈಕಿಗಿ ಮೊದಲಿಂದೂ ಕೆಂಪು ಹಸರು ತಿಳಿಯೂದಿಲ್ಲ."

ಸುಳ್ಳು ಹೇಳುವುದಕ್ಕೂ ಒಂದಿಷ್ಟು ಬುದ್ಧಿ ಬೇಕು. ಮಾಸ್ತರರನ್ನು ಬಿಟ್ಟರೆ ಆ ಕೋಣೆಯಲ್ಲಿದ್ದವರಿಗೆ ನನ್ನ ಬಗ್ಗೆ ಬೇರೇನೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಒಂದೇ, ಈ ಹುಡುಗಿ ಏಳು ವರ್ಷದಿಂದ ಸಂತೆ ಸಂತೆಗೂ ಗಾದಿಯ ಮೇಲೆ ಕೂತು ಬಣ್ಣ ಕೂಗುತ್ತಾಳೆ ಎಂದು. ಅಂಥವರ ಮುಂದೆ, ಅಂಥ ಸುಳ್ಳು! ಡ್ರಾಯಿಂಗ್ ಮಾಸ್ತರರು ಕರದಂಟಿನ ತಟ್ಟೆ ಕೆಳಗಿಟ್ಟರು. ಮೆಲ್ಲಗೆ ಕೇಳಿದರು:

"ಹೌದೇನ ಶಾಂತಾ?"

ಅವರು ನನಗೆ ಬಾಗಿಲು ತೆರೆದು ಹಿಡಿದಿದ್ದರು. "ಇಲ್ರಿ" ಎಂದಿದ್ದರೆ ಸಾಕಿತ್ತು. ನನ್ನ ದಾಳಿಂಬೆ ನನಗೆ ಉಳಿಯುತ್ತಿತ್ತು, ಅಪ್ಪ ಅಲ್ಲೇ ಮುಗಿದುಹೋಗುತ್ತಿದ್ದ. ಅವನು ಹಡಗಿನ ಮೇಲೆ, ಅವ್ವ ಕಟ್ಟಿದ ಹಗ್ಗಗಳ ಮೇಲೆ ಕೈಯಿಟ್ಟುಕೊಂಡು ನಿಂತಿದ್ದ. ಅವನ ಮೇಲೆ ನನಗೆ ಪ್ರೀತಿ ಉಕ್ಕಿತು ಎಂದರೆ ಸುಳ್ಳಾಗುತ್ತದೆ. ಹೇಸಿಗೆಯೇ ಆಯಿತು. ಆದರೆ ಹೇಸಿಗೆಯಾದವನನ್ನು ಎಲ್ಲರೆದುರು ಕೆಡಹುವ ಧೈರ್ಯ ನನಗಿರಲಿಲ್ಲ.

"ಹೌದ್ರಿ," ಎಂದೆ. "ನನಗ ಕೆಂಪು ಹಸರು ಗೊತ್ತಾಗೂದಿಲ್ಲ."

ಮಾಸ್ತರರು ಎಲ್ಲರಿಗಿಂತ ಮೊದಲು ಎದ್ದು ಹೋದರು. ಆ ರಾತ್ರಿಯಾಗಲಿ ಮರುದಿನವಾಗಲಿ ಅಪ್ಪ ನನ್ನನ್ನು ಬಡಿಯಲಿಲ್ಲ, ಯಾಕೆ ಹಾಗೆ ಮಾಡಿದೆ ಎಂದು ಕೇಳಲೂ ಇಲ್ಲ. ಹಡಗಿನಿಂದ ಬಲ್ಬು, ತಂತಿ ಕಿತ್ತು ತೆಗೆದು, ಅದನ್ನು ಕಪಾಟಿನ ಹಿಂದಿನ ಸಾಲಿಗೆ ಸರಿಸಿದ. ಕೇಳಿದ್ದಿದ್ದರೆ ಪರೀಕ್ಷೆಯ ಮಾತು ಬರುತ್ತಿತ್ತು. ಅವನಿಗೆ ಅದು ಗೊತ್ತಿತ್ತು ಎಂದೇ ನನ್ನ ನಂಬಿಕೆ. ಈಗ ಬೇರೆ ಫಜೀತಿ ಎದುರಾಯಿತು. ಕೆಂಪು ಹಸಿರು ತಿಳಿಯದ ಹುಡುಗಿ ಮುಂದಿನ ಸಂತೆಗೆ ಬಣ್ಣ ಕೂಗುವುದು ಹೇಗೆ? ಅವ್ವ ಯೋಚಿಸಿ ಹೊಸ ಉಪಾಯ ಕಂಡುಹಿಡಿದಳು: ಕೆಂಪಾದರೆ ಒಂದು ಸಲ ಕೆಮ್ಮು, ಹಸಿರಾದರೆ ಎರಡು ಸಲ.

ಸಂತೆಯ ದಿನ ನೇಕಾರರು ಎಂದಿನಂತೆ ಬಂದು ಕೂತರು. ಯಾರ ಮುಖ ನೋಡಿದರೂ ದೀಪಾವಳಿಯ ಸಂಜೆ ಅವರ ಕಣ್ಣಲ್ಲಿ ಇನ್ನೂ ಇದೆ ಎನ್ನಿಸುತ್ತಿತ್ತು. ಇವತ್ತು ಇವರು ಅಪ್ಪನನ್ನು ಪರೀಕ್ಷೆ ಮಾಡುತ್ತಾರೆ, ನಗುತ್ತಾರೆ, ಎದ್ದು ಬೇರೆ ಗಾದಿಗೆ ಹೋಗುತ್ತಾರೆ ಎಂದುಕೊಂಡೇ ಕೂತಿದ್ದೆ. ಈರಪ್ಪಜ್ಜ ಮೊದಲ ಸೀರೆ ಬಿಚ್ಚಿದ. ಗಿಳಿಹಸಿರು, ಕಣ್ಣಿಗೆ ಹೊಡೆಯುವ ಗಿಳಿಹಸಿರು. ನಾನು ಗಂಟಲು ಸರಿಮಾಡಿಕೊಂಡು ಮೊದಲ ಕೆಮ್ಮು ಕೆಮ್ಮಿದೆ. ಎರಡನೆಯ ಕೆಮ್ಮಿಗೆ ಅಪ್ಪ ಕಾಯಲಿಲ್ಲ. ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆ ಎಂಬ ಗಾಬರಿಗೆ ಬಾಯಿ ಬಿಟ್ಟುಬಿಟ್ಟ.

"ದಾಳಿಂಬಿ ಚೊಲೋ ಬಂದೈತಿ ಈರಪ್ಪ."

ನನ್ನ ಎರಡನೆಯ ಕೆಮ್ಮು ಗಂಟಲಲ್ಲೇ ಉಳಿಯಿತು. ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು.

"ಹೌದ್ರಿ ಸಾಹುಕಾರ್ರ," ಎಂದ ಈರಪ್ಪಜ್ಜ. "ಈ ಸಲ ದಾಳಿಂಬಿ ಭಾಳ ಚೊಲೋ ಬಂದೈತ್ರಿ."

ಹಾಗೆನ್ನುತ್ತಲೇ ಸೀರೆಯನ್ನು ಮಡಿಚಿದ. ಅಪ್ಪನ ಚಾಚಿದ ಕೈಗೆ ಕೊಡಲಿಲ್ಲ. ಮೊಣಕಾಲು ಹಿಡಿದುಕೊಂಡು ತಾನೇ ಎದ್ದು, ಗಾದಿಯ ಎಡಗಡೆಗೆ ಹೋಗಿ, ಹಸಿರು ಸೀರೆಗಳ ಜಾಗದಲ್ಲಿ ಇಟ್ಟು, ಅಂಗೈಯಿಂದ ಸವರಿ ಬಂದು ಕೂತ. ಅವನ ಹಿಂದಿನವನು ತನ್ನ ಸೀರೆ ಬಿಚ್ಚುವ ಮೊದಲೇ "ಇದು ದಾಳಿಂಬಿರಿ ಸಾಹುಕಾರ್ರ" ಎಂದು, ತೋರಿಸಿ, ತಾನೇ ಬಲಗಡೆಯ ರಾಶಿಗೆ ಹಾಕಿದ. ಮೂರನೆಯವನೂ ಹಾಗೇ ಮಾಡಿದ, ನಾಲ್ಕನೆಯವನೂ. ಒಬ್ಬರೂ ನಗಲಿಲ್ಲ. ಒಬ್ಬರೂ ಇನ್ನೊಬ್ಬರ ಮುಖ ನೋಡಲಿಲ್ಲ. ಅವರಿಗೆ ಎಂದಿನಿಂದ ಗೊತ್ತಿತ್ತೋ ನಾನು ಹೇಳಲಾರೆ. ದೀಪಾವಳಿಯಂದು ತಿಳಿದದ್ದಂತೂ ಅಲ್ಲ, ಅಷ್ಟು ಸರಾಗವಾಗಿ ಮಾಡುತ್ತಿದ್ದರು. ಅಪ್ಪನನ್ನು ಸಣ್ಣವನು ಎಂದು ಅಳೆದವಳು ನಾನು. ಆ ಹೊತ್ತಿನಲ್ಲಿ, ಆ ಪಡಸಾಲೆಯಲ್ಲಿ ಎಲ್ಲರಿಗಿಂತ ಸಣ್ಣವಳಾಗಿ ಕೂತಿದ್ದೆ. ಈರಪ್ಪಜ್ಜ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು ನನ್ನ ಕಡೆ ತಿರುಗಿದ.

"ಯವ್ವಾ, ನಿನಗ ಹೆಂಗೂ ಬಣ್ಣ ತಿಳಿಯೂದಿಲ್ಲ. ಇಲ್ಲಿ ಕುಂತ ಏನ ಮಾಡ್ತಿ? ಸಾಲಿಗಿ ಹೋಗು."

ನಾನು ಅಪ್ಪನ ಮುಖ ನೋಡಿದೆ. ಅವನು ಎಡಗಡೆಯ ರಾಶಿಯನ್ನು, ತಾನು ದಾಳಿಂಬಿ ಎಂದ ಸೀರೆ ಹೋಗಿ ಕೂತ ಜಾಗವನ್ನು ನೋಡುತ್ತಿದ್ದ. ಆಮೇಲೆ, ನನ್ನತ್ತ ತಿರುಗದೆ, "ಹೋಗು" ಎಂದ.

ಏಳು ವರ್ಷಗಳಲ್ಲಿ ಮೊದಲ ಸಲ ಸಂತೆಯ ದಿನ ನಾನು ಶಾಲೆಗೆ ಹೋದೆ.